ಮನಸ್ಸು ತಿರುಗಿದ ಮರುದಿನ

ಕ್ರೈಸ್ತ ಸಭೆಗಳಲ್ಲಿ ಸಾಕ್ಷಿ ಹೇಳುವ ಪದ್ಧತಿಯೊಂದುಂಟು. ಇಂಥ ದಿನ, ಇಂಥ ಕೂಟದಲ್ಲಿ, ಇಂಥ ಮಾತು ಕಿವಿಗೆ ಬಿದ್ದಾಗ ತನ್ನ ಹಳೆಯ ಬಾಳು ಮುಗಿದು ಹೊಸದು ಮೊದಲಾಯಿತೆಂದು ಭಕ್ತನು ಎದ್ದು ನಿಂತು ಹೇಳುತ್ತಾನೆ. ಕೇಳಿದವರು ದೇವರಿಗೆ ಸ್ತೋತ್ರ ಸಲ್ಲಿಸುತ್ತಾರೆ. ಈ ಪದ್ಧತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಆ ಒಂದು ದಿನದ ವೃತ್ತಾಂತವು ವರ್ಷವರ್ಷವೂ ಅವೇ ಮಾತುಗಳಲ್ಲಿ ಪುನರುಕ್ತವಾಗುತ್ತ, ಅದರ ಮರುದಿನದಿಂದ ಇಂದಿನವರೆಗೆ ಮನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಆ ಮನುಷ್ಯನ ಕೋಪಲೋಭಗಳು ಎಷ್ಟು ತಗ್ಗಿದವೆಂಬುದನ್ನು ಯಾರೂ ಕೇಳದಂತಾದಾಗ, ಪಾಪಸ್ವಭಾವವನ್ನು ಗೆಲ್ಲುವ ವಿಷಯದಲ್ಲಿ ನಾವು ಆರಂಭವನ್ನೇ ಅಂತ್ಯವೆಂದು ಭ್ರಮಿಸಿದ್ದೇವೆಂದು ಹೇಳದೆ ವಿಧಿಯಿಲ್ಲ.

ಕ್ರೈಸ್ತಧರ್ಮವು ಪಾಪವೆಂದು ಹೇಳುವುದು ದುಷ್ಕೃತ್ಯಗಳ ಒಂದು ಪಟ್ಟಿಯನ್ನಷ್ಟೇ ಅಲ್ಲ. ಆ ಕೃತ್ಯಗಳಿಗೆ ಮೂಲವಾದ, ತನ್ನನ್ನೇ ಕೇಂದ್ರವಾಗಿಟ್ಟುಕೊಂಡು ಸುತ್ತುವ ಇಚ್ಛೆಯ ವಕ್ರತೆಯನ್ನು. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ಒಳಿತನ್ನು ಬಯಸುವ ಮನಸ್ಸೇ ತಾನು ದ್ವೇಷಿಸುವ ಕೆಡುಕಿಗೆ ಕೈಹಾಕುವ ದುರವಸ್ಥೆಯನ್ನು ವರ್ಣಿಸಿದ್ದಾನೆ. ಅರಿಷಡ್ವರ್ಗದ ಹೆಸರು ಕೇಳಿ ಬೆಳೆದ ಕನ್ನಡಿಗನಿಗೆ, ಅವನು ಯಾವ ಮತದವನೇ ಆಗಲಿ, ಈ ಅನುಭವವು ಅಪರಿಚಿತವಲ್ಲ. ಅರಿವಿಲ್ಲದೆ ಕೆಟ್ಟವರಿಗಿಂತ ಅರಿತೂ ಕೆಟ್ಟವರೇ ಲೋಕದಲ್ಲಿ ಹೆಚ್ಚು.

ಮನಃಪರಿವರ್ತನೆಗೆ ಉದಾಹರಣೆಯಾಗಿ ಸಭೆಯು ಯಾರನ್ನು ಮುಂದಿಡುತ್ತದೆಯೋ ಅವರು ತಾವೇ ಆ ಒಂದು ದಿನವನ್ನು ನೆಚ್ಚಿ ಕುಳಿತವರಲ್ಲವೆಂಬುದು ವಿಚಾರಾರ್ಹ. ಸಂತ ಅಗಸ್ಟೀನನು 386ರಲ್ಲಿ ಮಿಲಾನ್ ನಗರದ ತೋಟವೊಂದರಲ್ಲಿ ಮನಸ್ಸು ತಿರುಗಿದವನಾಗಿ, ಮರುವರ್ಷ ಬಿಷಪ್ ಅಂಬ್ರೋಸನಿಂದ ದೀಕ್ಷಾಸ್ನಾನ ಪಡೆದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದಾಗಿ ಸುಮಾರು ಹತ್ತು ವರ್ಷಗಳ ಮೇಲೆ, ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದಲ್ಲಿ ತಾನೇ ಬಿಷಪನಾಗಿದ್ದು ತನ್ನ ಪಾಪನಿವೇದನೆಯ ಗ್ರಂಥವನ್ನು ಬರೆದಾಗ, ಅದರ ಹತ್ತನೆಯ ಭಾಗದಲ್ಲಿ ಆತನು ಗತಕಾಲವನ್ನು ಬಿಟ್ಟು ವರ್ತಮಾನಕ್ಕೆ ಬರುತ್ತಾನೆ: ಊಟದ ರುಚಿ, ಸಂಗೀತದ ಇಂಪು, ವ್ಯರ್ಥ ಕುತೂಹಲ, ಜನರ ಹೊಗಳಿಕೆ ಇವು ಇನ್ನೂ ತನ್ನನ್ನು ಎತ್ತೆತ್ತ ಎಳೆಯುತ್ತವೆಂದು ಒಂದೊಂದಾಗಿ ಪರೀಕ್ಷಿಸಿ, ಹೊಗಳಿಕೆಯನ್ನು ತಿರಸ್ಕರಿಸಿದೆನೆಂಬ ಹೆಮ್ಮೆಯಲ್ಲಿಯೂ ಹೊಗಳಿಕೆಯ ಆಸೆಯೇ ಅಡಗಿರುವುದನ್ನು ತೋರಿಸುತ್ತಾನೆ. ಸಾವಿರಾರು ಜನರ ಗುರುವಾದವನು ತನ್ನ ಇಂದಿನ ದೌರ್ಬಲ್ಯವನ್ನು ಹೀಗೆ ಬಿಚ್ಚಿಟ್ಟನೆಂಬುದೇ ಆ ಗ್ರಂಥದ ನಿಜವಾದ ಧೈರ್ಯ.

ಇಂಗ್ಲೆಂಡಿನ ಜಾನ್ ವೆಸ್ಲಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಆತನ ಹೃದಯವು ಕೃಪೆಯ ಅನುಭವದಿಂದ ಬೆಚ್ಚಗಾದುದನ್ನು ಮೆಥಡಿಸ್ಟರು ಇಂದಿಗೂ ಸ್ಮರಿಸುತ್ತಾರೆ. ಅವರು ಅಷ್ಟಾಗಿ ಸ್ಮರಿಸದ ಘಟನೆಯು 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ನಡೆಯಿತು. ಪ್ರಾರ್ಥನಾಮಂದಿರವನ್ನು ಕಟ್ಟಿದ ಸಾಲ ತೀರಿಸಲೆಂದು ಪ್ರತಿ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಬೇಕೆಂದೂ, ಹನ್ನೆರಡು ಜನರಿಗೊಬ್ಬನು ಅದನ್ನು ಕೂಡಿಸಬೇಕೆಂದೂ ಗೊತ್ತಾಯಿತು. ಹಣ ಕೇಳಲು ಮನೆಮನೆಗೆ ಹೋದವರ ಕಣ್ಣಿಗೆ ಬಿದ್ದುದು, ಪ್ರಾರ್ಥನೆಯಲ್ಲಿ ಕಣ್ಣೀರಿಡುವವರ ಮನೆಯೊಳಗಿನ ನಡತೆ. ವೆಸ್ಲಿಯು ಇದರ ಮಹತ್ತ್ವವನ್ನು ಕೂಡಲೇ ಗ್ರಹಿಸಿ, ಸಾಲವಸೂಲಿಯ ಆ ಏರ್ಪಾಡನ್ನೇ ಆತ್ಮಪರೀಕ್ಷೆಯ ವಾರದ ಕೂಟವನ್ನಾಗಿ ಮಾರ್ಪಡಿಸಿದನು. ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಚೀಟಿ ಕೊಡುವಾಗ ನಡತೆಯ ವಿಚಾರಣೆಯಾಗುತ್ತಿತ್ತು. ತಿದ್ದಿಕೊಳ್ಳದವನಿಗೆ ಚೀಟಿ ಸಿಕ್ಕುತ್ತಿರಲಿಲ್ಲ. 19ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದು ಶಾಲೆ, ಮುದ್ರಣಾಲಯಗಳನ್ನು ನಡೆಸಿದ ವೆಸ್ಲಿಯನ್ ಮಿಷನ್ನಿನವರು ಈ ಪರಂಪರೆಯವರೇ. 1947ರಲ್ಲಿ ದಕ್ಷಿಣ ಭಾರತ ಸಭೆಯು ರೂಪುಗೊಂಡಾಗ ಅವರ ಸಭೆಗಳೂ ಅದರಲ್ಲಿ ಸೇರಿದವು.

ಮನುಷ್ಯಪ್ರಯತ್ನಕ್ಕೆ ಇಷ್ಟು ಪ್ರಾಧಾನ್ಯ ಕೊಟ್ಟರೆ ದೇವರ ಕೃಪೆಗೆ ಸ್ಥಳವೆಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ಸ್ವಶಕ್ತಿಯಿಂದಲೇ ನಿಷ್ಪಾಪಿಯಾಗಿ ಬಾಳಬಹುದೆಂಬ ಪೆಲಾಗಿಯನ ವಾದವನ್ನು ಜೀವಮಾನದ ಕೊನೆಯ ವರ್ಷಗಳಲ್ಲೆಲ್ಲ ಖಂಡಿಸಿದವನು ಆ ಅಗಸ್ಟೀನನೇ. ಆದರೂ ಅನುದಿನದ ಆತ್ಮಪರೀಕ್ಷೆಯನ್ನು ಆತನು ಬಿಡಲಿಲ್ಲ. ಕೃಪೆಯು ಕೂಲಿಯಲ್ಲ, ಆದುದರಿಂದ ಅದನ್ನು ಸಂಪಾದಿಸಲಾಗದು. ಆದರೆ ದಾನವಾಗಿ ಬಂದುದನ್ನು ಬಾಳಿನಲ್ಲಿ ವಿನಿಯೋಗಿಸದವನು ಅದನ್ನು ಪಡೆದೂ ದರಿದ್ರನೇ. ನಿತ್ಯನೇಮವು ಕಾಲಕ್ರಮದಲ್ಲಿ ಬರಿಯ ಆಚಾರವಾಗಿ ಒಣಗುತ್ತದೆಂಬ ಇನ್ನೊಂದು ಆಕ್ಷೇಪವು ಇದಕ್ಕಿಂತ ಬಲವಾದುದು, ಏಕೆಂದರೆ ವೆಸ್ಲಿಯ ಕೂಟಗಳಿಗೂ ಮುಂದೆ ಅದೇ ಗತಿಯಾಯಿತು. ಆದರೆ ಒಣಗಿದುದು ಅಲ್ಲಿ ಸತ್ಯವನ್ನು ನುಡಿಯುವ ಮನಸ್ಸು. ಆ ಮನಸ್ಸಿಲ್ಲದ ಕಡೆ ಉಜ್ಜೀವನ ಕೂಟದ ಕಣ್ಣೀರೂ ಆಚಾರವೇ ಆಗುವುದು.

ಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಅಂದಂದಿನ ಆಹಾರದ ಬೇಡಿಕೆಯ ಬೆನ್ನಿಗೇ ಕ್ಷಮೆಯ ಬೇಡಿಕೆಯಿದೆ; ಅದೂ ನಾವು ಇತರರನ್ನು ಕ್ಷಮಿಸುವುದರೊಡನೆ ಹೆಣೆದುಕೊಂಡು. ಕಾಣಿಕೆಯನ್ನು ತಂದವನಿಗೆ ಸಹೋದರನ ಮುನಿಸು ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಸಮಾಧಾನ ಮಾಡಿಕೊಳ್ಳಬೇಕೆಂಬುದೂ ಆತನ ಪರ್ವತಪ್ರಸಂಗದ ಬೋಧನೆಯೇ. ಆದ್ದರಿಂದ ಪಾಪದೊಡನೆ ನಮ್ಮ ಹೋರಾಟದ ಕ್ಷೇತ್ರವು ದೂರದಲ್ಲಿಲ್ಲ. ಕೆಲಸದಾಕೆಯ ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ತಕ್ಕಡಿಯನ್ನು ನೆಟ್ಟಗೆ ಹಿಡಿಯುವುದು, ಆಸ್ತಿಯ ಪಾಲಿನಲ್ಲಿ ಮುನಿದ ಅಣ್ಣನ ಮನೆಗೆ ತಾನಾಗಿ ಹೋಗುವುದು, ಗೈರುಹಾಜರಾದವನ ವಿಷಯದಲ್ಲಿ ನಾಲಗೆಯನ್ನು ಬಿಗಿಹಿಡಿಯುವುದು ಇವುಗಳಲ್ಲಿಯೇ ನಮ್ಮೊಳಗಿನ ಹಳೆಯ ಮನುಷ್ಯನು ಸೋಲುತ್ತಾನೆ, ಅಥವಾ ಗೆಲ್ಲುತ್ತಾನೆ.

ಆದಕಾರಣ ಸಭಾಪಾಲಕರಲ್ಲಿಯೂ ಹಿರಿಯರಲ್ಲಿಯೂ ನನ್ನದೊಂದು ವಿನಂತಿ. ಸಾಕ್ಷಿ ಹೇಳಲು ಎದ್ದವನನ್ನು, ಮನಸ್ಸು ತಿರುಗಿದ ವರ್ಷ ಯಾವುದೆಂದು ಕೇಳುವುದರ ಜೊತೆಗೆ, ಕಳೆದ ವಾರ ಯಾರೊಡನೆ ರಾಜಿಯಾದೆಯೆಂದೂ ಕೇಳಿರಿ. ಅದಕ್ಕೂ ಮೊದಲು ಆ ಪ್ರಶ್ನೆಗೆ ನೀವೇ ಉತ್ತರ ಕೊಡಿರಿ.