ತಗ್ಗಿನಲ್ಲಿ ಯಾರಿದ್ದಾರೆ?



2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದ್ದು ನೆನಪಿದೆಯಲ್ಲ? ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಯಮಲೂರಿನ ವಿಲ್ಲಾಗಳಿಂದ ಶ್ರೀಮಂತರನ್ನು ದೋಣಿಯಲ್ಲಿ ಕರೆತಂದರು. ಟೀವಿಯವರೆಲ್ಲ ಓಡಿಬಂದರು. ನೀರು ನಿಂತದ್ದರಿಂದ 225 ಕೋಟಿ ರೂಪಾಯಿ ನಷ್ಟ ಅಂತ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಕಾಗದ ಬರೆಯಿತು. ಆ ಮನೆಗಳ ಪಾತ್ರೆ ತೊಳೆಯೋ ಹೆಂಗಸರ ಶೆಡ್ಡುಗಳೂ ಅದೇ ನೀರಿನಲ್ಲಿ ನಿಂತಿದ್ದವು. ಅವರ ಅಕ್ಕಿ, ಚಾಪೆ, ರೇಷನ್ ಕಾರ್ಡಿನ ಲೆಕ್ಕ ಬರೆದವರು ಯಾರು?

ಹವಾಮಾನವೇ ಬದಲಾಗಿದೆ, ಏನ್ಮಾಡೋದು ಅಂತಾರೆ. ಅರ್ಧ ನಿಜ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹೊರಬಲ್ಲದು. ಹೊತ್ತದ್ದನ್ನು ಒಂದೇ ಸಲಕ್ಕೆ ಸುರೀತದೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111 ಮಿಲಿಮೀಟರ್ ಮಳೆ ಬಿತ್ತು. ಜೂನ್ ತಿಂಗಳ ಒಂದೇ ದಿನದಲ್ಲಿ ಅಷ್ಟು ಮಳೆ 133 ವರ್ಷದಲ್ಲಿ ಬಿದ್ದಿರಲಿಲ್ಲ. ಮಳೆ ಜಾತಿ ನೋಡಿ ಬೀಳೋದಿಲ್ಲ, ಸರಿ. ಬಿದ್ದದ್ದು ಎಲ್ಲಿ ಹೋಗಿ ನಿಲ್ಲಬೇಕು ಅನ್ನೋದನ್ನು ಮಾತ್ರ ಮನುಷ್ಯರೇ ಗೊತ್ತುಮಾಡಿದ್ದಾರೆ.

ಬೆಂಗಳೂರು ದಿಬ್ಬದ ಮೇಲಿನ ಊರು. ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರ. ಬಿದ್ದ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ಕೆರೆಯಿಂದ ಕೆರೆಗೆ ತಾನೇ ಇಳಿದು ಹೋಗಬೇಕು. ಅಂಥ ಊರು ಮುಳುಗುತ್ತದೆ ಅಂದರೆ ಯಾರೋ ದಾರಿಗೆ ಅಡ್ಡ ಹಾಕಿದ್ದಾರೆ ಅಂತಲೇ ಅರ್ಥ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಗುಡಿಸಲಿನವರು ಮಾಡಿದ ಒತ್ತುವರಿಯೇ ಇದು? ಮಹಾಲೇಖಪಾಲರ 2021ರ ವರದಿ ನೋಡಿ: 1900ರ ಆಸುಪಾಸಿನಲ್ಲಿ ಕೋರಮಂಗಲ ಕಣಿವೆಯಲ್ಲಿ 113 ಕಿ.ಮೀ. ಇದ್ದ ಕಾಲುವೆ 2016-17ಕ್ಕೆ 63 ಕಿ.ಮೀ. ಆಗಿತ್ತು. ವೃಷಭಾವತಿಯಲ್ಲಿ 226 ಇದ್ದದ್ದು 112. ಇದು ಸರ್ಕಾರದ್ದೇ ಲೆಕ್ಕ, ನನ್ನ ಕವಿತೆಯಲ್ಲ.

ನನ್ನ ತಾತ ಕೋಲಾರದ ಕಡೆ ಒಂದು ಊರಿನ ನೀರುಗಂಟಿ. ಆ ಸೀಮೆಯ ಎಷ್ಟೋ ಊರುಗಳಲ್ಲಿ ತೂಬು ಎತ್ತೋದು, ಕಾಲುವೆ ಕಾಯೋದು ನಮ್ಮ ಕೇರಿಯವರದ್ದೇ ಕೆಲಸ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಏರಿ ಎಲ್ಲಿ ಸಡಿಲ, ಎಲ್ಲ ತಾತನ ತಲೆಯಲ್ಲಿತ್ತು. 'ಕೋಡಿ ಬೀಳೋ ರಾತ್ರಿ ಗೌಡ್ರೇ ಹಟ್ಟಿ ಬಾಗಿಲಿಗೆ ಬಂದು ಕೂಗೋರು ಮಗ' ಅಂತ ಹೇಳ್ತಿದ್ದ. ಬೆಳಗಾದರೆ ಅದೇ ಗೌಡರ ಬಾವಿ ಹಗ್ಗ ಮುಟ್ಟೋ ಹಾಗಿರಲಿಲ್ಲ. ಹಾಗಾಗಿ ಆ ಕಾಲವನ್ನು ಹೊಗಳೋಕೆ ನಾನು ಬರೀತಿಲ್ಲ. ಅದೂ ಚಾಕರಿಯೇ. ಆದರೆ ನೀರಿನ ವಿದ್ಯೆ ನಮ್ಮಲ್ಲಿತ್ತು.

ಆ ವಿದ್ಯೆಯವರ ಮೊಮ್ಮಕ್ಕಳು ಪಟ್ಟಣಕ್ಕೆ ಬಂದು ಏನಾದರು? ಮೋರಿಗೆ ಇಳಿಯೋ ಗುತ್ತಿಗೆ ಕೂಲಿಗಳಾದರು. 2017ರ ಮೇ ತಿಂಗಳಲ್ಲಿ ಕುರುಬರಹಳ್ಳಿ ಹತ್ತಿರ ರಾಜಕಾಲುವೆಯಲ್ಲಿ ಹೂಳೆತ್ತೋ ಕೂಲಿಯೊಬ್ಬ ಮಳೆನೀರಿಗೆ ಕೊಚ್ಚಿಹೋದ. ಸುರಕ್ಷೆಯಿಲ್ಲದೆ ಒಳಚರಂಡಿಗೆ, ಮಲದ ಗುಂಡಿಗೆ ಮನುಷ್ಯರನ್ನು ಇಳಿಸಬಾರದು ಅಂತ 2013ರ ಕಾಯಿದೆ ಇದೆ. ಇದು ಮಳೆನೀರ ಕಾಲುವೆ, ಒಳಚರಂಡಿ ಅಲ್ಲ ಅಂತ ಗುತ್ತಿಗೆದಾರ ವಾದ ಮಾಡಬಹುದು. ಊರಿನ ಕಕ್ಕಸಿನ ನೀರೆಲ್ಲ ಅದರಲ್ಲೇ ಹರೀತಿರುವಾಗ ಒಳಗೆ ನಿಂತವನ ಮೂಗಿಗೆ ಆ ವ್ಯತ್ಯಾಸ ತಿಳಿಯೋದಿಲ್ಲ.

ಉಳಿದ ಕಾಲುವೆಗಾದರೂ ಏನು ಮಾಡ್ತಿದ್ದಾರೆ? ಎರಡೂ ಕಡೆ ಕಾಂಕ್ರೀಟ್ ಗೋಡೆ. ಗೋಡೆ ಒಡೆದು ನುಗ್ಗೋದನ್ನು ತಡೀತದೆ, ಒಪ್ಪೋಣ. ಆದರೆ ನೆಲ ಹನಿ ನೀರು ಕುಡಿಯೋದಿಲ್ಲ. ಮೇಲಿನ ಬಡಾವಣೆಯ ತಾರಸಿ, ಟಾರು, ಅಂಗಳದ ನೀರೆಲ್ಲ ಗಳಿಗೆಯೊಳಗೆ ಕೆಳಗಿನ ಕೊಳೆಗೇರಿಗೆ ಬಂದು ಬೀಳ್ತದೆ. ಮೇಲಿನವರಿಗೆ ಅದು ನಿರ್ವಹಣೆ. ಕೆಳಗಿನವರಿಗೆ ಮಂಚದ ಮೇಲೆ ಮಂಚ ಇಟ್ಟು ಮಗು ಮಲಗಿಸೋ ರಾತ್ರಿ.

ನಾನು ಬಿ.ಎ. ಓದುವಾಗ ಇದ್ದ ಹಾಸ್ಟೆಲ್ಲೂ ತಗ್ಗಿನಲ್ಲೇ ಇತ್ತು. ಒಂದು ರಾತ್ರಿ ಟ್ರಂಕುಗಳು ತೇಲಿದವು. ವಾರ್ಡನ್ನು 'ಮೇಲಿನ ರೂಮಿಗೆ ಹೋಗ್ರೋ' ಅಂದು ತಾನು ಮನೆಗೆ ಹೋದ. ಬೆಳಿಗ್ಗೆ ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟುಗಳನ್ನು ಬಟ್ಟೆ ಒಣಗಿಸೋ ತಂತಿಗೆ ನೇತುಹಾಕಿದೆವು. ಮುಳುಗಿದ ಗುಡಿಸಲಿನವರು ಪರಿಹಾರ ಕೇಳಿದರೆ ಮೊದಲು ಕೇಳೋದು ಇಂಥ ಕಾಗದವನ್ನೇ. ಅದು ನೀರಲ್ಲಿ ಹೋಗಿರ್ತದೆ.

ಇನ್ನು ಬುಲ್ಡೋಜರು. ಪ್ರವಾಹ ಇಳಿದ ಮೇಲೆ ಒತ್ತುವರಿ ತೆರವು ಅಂತ ಹೊರಡ್ತದೆ. ಕಾಂಪೌಂಡು, ವಕೀಲ, ತಡೆಯಾಜ್ಞೆ ಇದ್ದವರ ಮುಂದೆ ನಿಲ್ತದೆ. ತಗಡಿನ ಶೆಡ್ಡಿನ ಮುಂದೆ ನಿಲ್ಲೋದಿಲ್ಲ. ಕಾಲುವೆ ಬಿಡಿಸಬೇಡಿ ಅಂತ ನಾವು ಯಾರೂ ಹೇಳಬಾರದು. ಬಿಡಿಸಲೇಬೇಕು, ಮುಳುಗುವವರು ನಾವೇ ಅಲ್ಲವೆ? ಆದರೆ ಮೊದಲು ಮೇಲಿನಿಂದ, ದೊಡ್ಡ ಗೋಡೆಯಿಂದ ಶುರುವಾಗಲಿ. ದಡದಲ್ಲಿರೋ ಬಡವರಿಗೆ ಹತ್ತಿರದಲ್ಲೇ, ಎತ್ತರದ ಜಾಗದಲ್ಲಿ ಮನೆ ಕೊಟ್ಟು ಆಮೇಲೆ ಎಬ್ಬಿಸಲಿ. ಊರಾಚೆ ಇನ್ನೊಂದು ತಗ್ಗಿಗೆ ಒಯ್ದು ಸುರಿಯೋದು ಪುನರ್ವಸತಿ ಅಲ್ಲ.

1927ರಲ್ಲಿ ಮಹಾಡಿನ ಚೌಡಾರ್ ಕೆರೆಗೆ ಬಾಬಾಸಾಹೇಬರು ಇಳಿದದ್ದು ನೀರು ಮುಟ್ಟೋ ಹಕ್ಕಿಗೆ. ಈಗ ನೀರಿನ ನಕ್ಷೆ ಬರೆಯೋ ಮೇಜಿನ ಮುಂದೆ ಕೂರೋ ಹಕ್ಕು ಕೇಳಬೇಕಾಗಿದೆ. ಬೆಂಗಳೂರಿಗೆ 2025ರಿಂದ ಐದು ಪಾಲಿಕೆ ಆಗಿವೆ. ಐದರಲ್ಲೂ ಕೇಳೋಣ.

ಮುಂದಿನ ಸಭೆಗೆ ಬರುವ ಮುಂಚೆ ಒಂದು ಕೆಲಸ ಮಾಡಿ. ಸರ್ವೆ ಇಲಾಖೆಯ ದಿಶಾಂಕ್ ನಿಮ್ಮ ಮೊಬೈಲಿಗೆ ಪುಕ್ಕಟೆ ಸಿಗ್ತದೆ. ನಿಂತ ಜಾಗದ ಸರ್ವೆ ನಂಬರು ತೋರಿಸ್ತದೆ. ಅದನ್ನು ಹಳೆಯ ಗ್ರಾಮನಕ್ಷೆ ಜೊತೆ ಇಟ್ಟುಕೊಂಡು, ನಿಮ್ಮ ಹಾಸ್ಟೆಲಿನ ಹತ್ತಿರದ ರಾಜಕಾಲುವೆ ಗುಂಟ ಇಬ್ಬಿಬ್ಬರು ನಡೆಯಿರಿ. ಎಲ್ಲಿ ಕಿರಿದಾಗಿದೆ, ಯಾರ ಗೋಡೆ, ಕೆಳಗೆ ಎಷ್ಟು ಮನೆ, ಅಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ.