ಕೊಳಗ ದೊಡ್ಡದಾದಾಗ

ನಮ್ಮ ಜನ ಬಡತನ ಸಿರಿತನವನ್ನು ಹಣೆಬರಹವೆಂದು ಒಪ್ಪಿಕೊಂಡಿದ್ದಾರೆ, ಅದಕ್ಕೇ ಇಲ್ಲಿ ಸರ್ಕಾರಗಳು ನೆಮ್ಮದಿಯಾಗಿವೆ ಎಂಬ ಮಾತು ಟಿವಿ ಚರ್ಚೆಗಳಲ್ಲಿ ಪದೇ ಪದೇ ಕೇಳುತ್ತದೆ. ಇದು ಜನರನ್ನು ಅರಿಯದವರ ಮಾತು. ಅಂತರವನ್ನು ಜನ ಸಹಿಸುತ್ತಾರೆ, ಅಳತೆಯಲ್ಲಿ ಮೋಸವಾದರೆ ಸಹಿಸುವುದಿಲ್ಲ.

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆ ಸೀಮೆಯ ಉಂಡೆಕೊಬ್ಬರಿಯನ್ನೇ ನೋಡಿ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟು ಕಾಯಬಲ್ಲವನಿಗೆ ತಿಪಟೂರು ಮಾರುಕಟ್ಟೆಯ ಹರಾಜಿನ ಬೆಲೆ. ಮಗಳ ಮದುವೆ, ಬೋರ್‌ವೆಲ್ ಸಾಲ ಎಂದು ಕೈ ಕಟ್ಟಿಹೋದ ಎರಡೆಕರೆಯವನು ತೋಟದಲ್ಲೇ ಕಾಯಿ ಮಾರುತ್ತಾನೆ. ಸುಲಿಯುವವರಿಗೆ ಎಣಿಕೆ ಲೆಕ್ಕದ ಕೂಲಿ. ಇದು ಊರಿಗೆಲ್ಲ ಗೊತ್ತು, ಆದರೂ ಯಾರೂ ಕಲ್ಲು ಎತ್ತಿಕೊಂಡಿಲ್ಲ.

ಬೆಲೆ ಏರಿದರೆ ಎಲ್ಲರ ಕೈಗೂ ನಾಲ್ಕು ಕಾಸು ಬರುತ್ತದಲ್ಲ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. 2025ರಲ್ಲಿ ಕ್ವಿಂಟಲ್ ಕೊಬ್ಬರಿ 20,000 ರೂಪಾಯಿ ದಾಟಿದಾಗ ಸಣ್ಣ ತೋಟದವರಿಗೂ ಉಸಿರು ಬಂತು. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1973ರಲ್ಲೇ ಇದನ್ನು ವಿವರಿಸಿದ್ದರು: ಸುರಂಗದಲ್ಲಿ ವಾಹನಗಳು ನಿಂತಿರುವಾಗ ಪಕ್ಕದ ಸಾಲು ಸರಿದರೆ ನಮಗೂ ಆಸೆ ಹುಟ್ಟುತ್ತದೆ. ನಮ್ಮ ಸಾಲು ಕದಲದೇ ಹೋದರೆ ಅದೇ ಆಸೆ ಸಿಟ್ಟಾಗುತ್ತದೆ.

ಆ ಸಿಟ್ಟನ್ನು ಕರ್ನಾಟಕ ಕಂಡಿದೆ. ಸಾಗರದ ಕಾಗೋಡಿನಲ್ಲಿ ಗೇಣಿದಾರರು ತಲೆಮಾರುಗಳಿಂದ ಒಡೆಯರಿಗೆ ಭತ್ತ ಅಳೆಯುತ್ತಲೇ ಬಂದಿದ್ದರು. 1951ರಲ್ಲಿ ಅವರು ತಿರುಗಿ ನಿಂತದ್ದು ಗೇಣಿ ಅಳೆಯುವ ಕೊಳಗ ದೊಡ್ಡದಾಯಿತೆಂಬ ತಕರಾರಿನಿಂದ. ಹಣೆಬರಹ ನಂಬಿದವರು ಕೊಳಗದ ಗಾತ್ರ ಕೇಳುತ್ತಾರೆಯೇ? ಆ ಪ್ರಶ್ನೆ ದೇವರಾಜ ಅರಸರ 1974ರ ಭೂಸುಧಾರಣೆಯವರೆಗೂ ನಡೆದುಬಂತು. 1980ರಲ್ಲಿ ನರಗುಂದ, ನವಲಗುಂದದ ರೈತರು ನೀರಾವರಿ ಕರದ ವಿರುದ್ಧ ಎದ್ದರು, ಗುಂಡು ಹಾರಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಉರುಳಿತು.

ಮತ್ತೆ ಕೊಬ್ಬರಿಗೇ ಬರೋಣ. 2024ರಲ್ಲಿ ಕ್ವಿಂಟಲ್ ಉಂಡೆಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 12,000 ರೂಪಾಯಿ ಇತ್ತು, ಅದರ ಮೇಲೆ ರಾಜ್ಯದ 1,500. ಬೆಂಬಲ ಬೆಲೆಗೆ ಕೊಳ್ಳುವ ಸಹಕಾರಿ ಸಂಸ್ಥೆ ನಾಫೆಡ್‌ನ ಖರೀದಿಗೆ ಹೆಸರು ಬರೆಸಲು ವಯಸ್ಸಾದವರು ಕೂಡ ರಾತ್ರಿಯಿಡೀ ಸರದಿಯಲ್ಲಿ ಕುಳಿತರು. ಅಕ್ರಮದ ದೂರು ಬಂದು ನೋಂದಣಿಯನ್ನೇ ಹೊಸದಾಗಿ ಮಾಡಬೇಕಾಯಿತು. ದೊಡ್ಡ ತೋಟದವನ ಮೇಲೆ ಹುಟ್ಟದ ಕೋಪ ಆ ಸರದಿಯಲ್ಲಿ ಹುಟ್ಟಿತು, ಅದು ನ್ಯಾಯವಾದ ಕೋಪ. ಸರ್ಕಾರಕ್ಕೆ ನೆಮ್ಮದಿ ಬೇಕಿದ್ದರೆ ಖರೀದಿ ಕೇಂದ್ರವನ್ನು ಬೆಲೆ ಬಿದ್ದ ವಾರವೇ ತೆರೆಯಲಿ, ನೋಂದಣಿ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ, ಅಟ್ಟದಲ್ಲಿರುವ ಕಾಯಿಯ ಮೇಲೆ ಎರಡೆಕರೆಯವನಿಗೂ ಸೊಸೈಟಿಯಲ್ಲಿ ಸಾಲ ಸಿಗುವಂತೆ ಮಾಡಲಿ.