ಛಾವಣಿ ಕೆಡಹುವ ಮುನ್ನ

ಮುಂಬಯಿಯ ಮಲಬಾರ್ ಹಿಲ್‌ನಲ್ಲಿರುವ ಹ್ಯಾಂಗಿಂಗ್ ಗಾರ್ಡನ್ ಒಂದು ಛಾವಣಿಯ ಮೇಲೆ ಬೆಳೆದ ಉದ್ಯಾನ. ಅದರ ಅಡಿಯಲ್ಲಿ 1887ರಲ್ಲಿ ಕಟ್ಟಿದ, ಸುಮಾರು 14.7 ಕೋಟಿ ಲೀಟರ್ ನೀರು ಹಿಡಿಯುವ ಜಲಾಗಾರವಿದೆ. ದಕ್ಷಿಣ ಮುಂಬಯಿಯ ಬಹುಭಾಗಕ್ಕೆ ಕುಡಿಯುವ ನೀರು ಇಲ್ಲಿಂದಲೇ ಹೋಗುತ್ತದೆ. ಇದು ಹಳೆಯದಾಯಿತು, ಕೆಡಹಿ 19.1 ಕೋಟಿ ಲೀಟರಿನ ಹೊಸದನ್ನು ಕಟ್ಟಬೇಕೆಂದು ಮಹಾನಗರಪಾಲಿಕೆ ನಿಶ್ಚಯಿಸಿತು. ಅಂದಾಜು ವೆಚ್ಚ 698 ಕೋಟಿ ರೂಪಾಯಿ. ಕುತ್ತಿಗೆ ಒಳಗಾಗಲಿದ್ದ ಮರಗಳು 389.

ನಿವಾಸಿಗಳು ವಿರೋಧಿಸಿದರು. 2023ರ ಕೊನೆಯಲ್ಲಿ ಐಐಟಿ ಮುಂಬಯಿಯ ಪ್ರಾಧ್ಯಾಪಕರೂ ಸ್ಥಳೀಯ ತಜ್ಞರೂ ಸೇರಿದ ಸಮಿತಿ ಜಲಾಗಾರವನ್ನು ಪರಿಶೀಲಿಸಿತು. ದುರಸ್ತಿಯ ಅವಧಿಗೆ ಬೇರೊಂದು ಚಿಕ್ಕ ತೊಟ್ಟಿ ಬೇಕೇ ಎಂಬ ವಿಷಯದಲ್ಲಿ ಸದಸ್ಯರಲ್ಲಿ ಭಿನ್ನಮತವಿತ್ತು. ತಕ್ಷಣ ಕೆಡಹುವ ಅಗತ್ಯವಿಲ್ಲ ಎಂಬ ವಿಷಯದಲ್ಲಿ ಇರಲಿಲ್ಲ. ಬಳಿಕ ಐಐಟಿ ರೂರ್ಕಿಯ ಅಭಿಪ್ರಾಯವೂ ದುರಸ್ತಿಯ ಪರವಾಗಿಯೇ ಬಂದಿತು. ಪಾಲಿಕೆ ಪುನರ್ನಿರ್ಮಾಣದ ಯೋಜನೆಯನ್ನು ಕೈಬಿಟ್ಟಿತು. ವನಸ್ಪತಿಕಾಯದಲ್ಲೂ ಜೀವವನ್ನು ಕಾಣುವ ನಮಗೆ ಆ ಮರಗಳು ಉಳಿದದ್ದು ಸಮಾಧಾನದ ಸಂಗತಿ.

ಆದರೆ ಈ ಪ್ರಸಂಗದ ಪಾಠ ಪಾಲಿಕೆಗೆ ಮಾತ್ರ ಮೀಸಲಲ್ಲ. ಬಸದಿಯಿರಲಿ, ಸಮುದಾಯ ಭವನವಿರಲಿ, ವಿದ್ಯಾರ್ಥಿನಿಲಯವಿರಲಿ, ಎರಡು ಮಳೆಗಾಲ ಛಾವಣಿ ಸೋರಿತೆಂದರೆ ನಮ್ಮ ಆಡಳಿತ ಮಂಡಳಿಗಳಲ್ಲಿ ಮೊದಲು ಕೇಳಿಬರುವ ಮಾತು ‘ಕೆಡಹಿ ಹೊಸದು ಕಟ್ಟೋಣ’ ಎಂಬುದೇ. ಕಾರಣ ಗುಟ್ಟಿನದೇನಲ್ಲ. ಹೊಸ ಕಟ್ಟಡಕ್ಕೆ ಶಿಲಾನ್ಯಾಸವುಂಟು, ದಾನಿಗಳ ಹೆಸರಿನ ಅಮೃತಶಿಲೆಯ ಫಲಕವುಂಟು, ಉದ್ಘಾಟನೆಗೆ ಮಂತ್ರಿಗಳ ಆಗಮನವುಂಟು. ಬಿರುಕಿಗೆ ಗಾರೆ ತುಂಬಿಸಿ ವಾಟರ್‌ಪ್ರೂಫಿಂಗ್ ಮಾಡಿಸಿದವರ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ.

ಹಾಗೆಂದು ದುರಸ್ತಿಯೇ ಸದಾ ಸರಿಯೆಂಬುದು ನನ್ನ ವಾದವಲ್ಲ. 2019ರ ಮಾರ್ಚ್ 14ರಂದು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಳಿಯ ಪಾದಚಾರಿ ಸೇತುವೆ ಕುಸಿದು ಜನ ಪ್ರಾಣ ಕಳೆದುಕೊಂಡರು. ಸಣ್ಣಪುಟ್ಟ ದುರಸ್ತಿ ಮಾಡಿದರೆ ಸಾಕು, ಬಳಕೆಗೆ ಯೋಗ್ಯ ಎಂದು ಅದಕ್ಕೆ ಮೊದಲೇ ಸ್ಟ್ರಕ್ಚರಲ್ ಆಡಿಟ್ ವರದಿ ಹೇಳಿತ್ತು. ಕೆಡಹಲೇಬೇಕಾದುದನ್ನು ಲೋಭದಿಂದ ಉಳಿಸಿಕೊಳ್ಳುವುದೂ ಹಿಂಸೆಗೆ ಎಡೆಮಾಡುತ್ತದೆ.

ಆದುದರಿಂದ ನಿರ್ಣಯ ನಿಲ್ಲಬೇಕಾದುದು ಪ್ರಾಮಾಣಿಕ ಪರಿಶೋಧನೆಯ ಮೇಲೆ. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ತೆರವು ಮಾಡಿ ಕೆಡಹಬೇಕಾದುದು ಸಿ-1 ವರ್ಗ. ದುರಸ್ತಿಯಿಂದ ಉಳಿಯುವಂಥವು ಸಿ-2 ಮತ್ತು ಸಿ-3. ಲೆಕ್ಕಪರಿಶೋಧನೆಯಲ್ಲಿ ನಾವು ಪಾಲಿಸುವ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ವರದಿಯ ಫಲದಿಂದ ಲಾಭ ಪಡೆಯುವವನು ಪರಿಶೋಧಕನಾಗಬಾರದು. ಹೊಸ ಕಟ್ಟಡದ ನಕ್ಷೆಯನ್ನಾಗಲಿ ಗುತ್ತಿಗೆಯನ್ನಾಗಲಿ ಪಡೆಯಲಿರುವವರಿಂದ ಹಳೆಯ ಛಾವಣಿಯ ವರದಿ ತರಿಸಕೂಡದು. ಕೆಡಹಬೇಕೆಂದು ವರದಿ ಬಂದರೆ, ಜನರನ್ನು ಹೊರಗಿಟ್ಟು ಛಾವಣಿಗೆ ಆಧಾರ ಕೊಟ್ಟು, ಎರಡನೆಯ ಅಭಿಪ್ರಾಯ ಪಡೆಯಬೇಕು.

ಲೆಕ್ಕವೂ ಪೂರ್ಣವಾಗಿರಬೇಕು. ಹೊಸ ಕಟ್ಟಡದ ಅಂದಾಜುಪಟ್ಟಿಯಲ್ಲಿ ಬದಲಿ ಜಾಗದ ಬಾಡಿಗೆ, ನಿಂತುಹೋಗುವ ಆದಾಯ, ಪರವಾನಗಿಯ ವಿಳಂಬ ಕಾಣಿಸುವುದಿಲ್ಲ. ದುರಸ್ತಿಯ ಪಟ್ಟಿಯಲ್ಲಿ ಹತ್ತು ವರ್ಷಗಳ ಅನಂತರ ಮತ್ತೆ ಬರುವ ಖರ್ಚು ಕಾಣಿಸುವುದಿಲ್ಲ. ಎರಡನ್ನೂ ಮೂವತ್ತು ವರ್ಷಗಳ ಅವಧಿಗೆ ಹರಡಿ ಸಭೆಯ ಮುಂದಿಟ್ಟರೆ ಭಾವಾವೇಶ ತಾನಾಗಿಯೇ ತಗ್ಗುತ್ತದೆ.

ಇನ್ನೊಂದು ಕೊರತೆ ಹೆಚ್ಚು ಆಳದ್ದು. ಅನೇಕ ಟ್ರಸ್ಟ್‌ಗಳು ವರ್ಷವರ್ಷವೂ ಕಟ್ಟಡದ ಮೇಲೆ ಸವಕಳಿ ಬರೆಯುತ್ತವೆ. ಅಷ್ಟು ಹಣವನ್ನು ಬೇರೆ ತೆಗೆದಿರಿಸುವವು ವಿರಳ. ಸವಕಳಿಯೆಂಬುದು ಪುಸ್ತಕದ ನಮೂದು. ಅದರಿಂದ ಒಂದು ಚೀಲ ಸಿಮೆಂಟೂ ಬರುವುದಿಲ್ಲ. ನಮ್ಮ ಪೂರ್ವಜರು ಇದನ್ನು ಬಲ್ಲವರಾಗಿದ್ದರು. ಕರ್ನಾಟಕದ ಜೈನ ಶಾಸನಗಳಲ್ಲಿ ಬಸದಿಗೆ ಭೂಮಿ ಬಿಟ್ಟ ಉದ್ದೇಶಗಳನ್ನು ನೋಡಿರಿ. ಅರ್ಚನೆ, ಋಷಿಗಳ ಆಹಾರದಾನ ಇವುಗಳ ಜೊತೆಯಲ್ಲಿಯೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದು, ಬಿರಿದುದು ಸರಿಯಾಗಲೆಂದು ನಿತ್ಯಪೂಜೆಯ ಸಾಲಿನಲ್ಲಿಯೇ ಸ್ಥಿರವಾದ ಆದಾಯವನ್ನು ಕಾದಿರಿಸಿದವರ ಸಂತಾನ ನಾವು.

ಈ ವರ್ಷದ ಮಹಾಸಭೆಯಲ್ಲಿ ನಿಮ್ಮ ಸಂಸ್ಥೆಯ ಅಢಾವೆ ಪತ್ರಿಕೆಯನ್ನು ಕೈಗೆತ್ತಿಕೊಂಡು ಜೀರ್ಣೋದ್ಧಾರ ನಿಧಿ ಎಂಬ ಸಾಲು ಇದೆಯೇ ಎಂದು ನೋಡಿರಿ. ಇಲ್ಲವಾದರೆ, ಹೊಸ ಕಟ್ಟಡದ ಠರಾವಿಗೆ ಕೈಯೆತ್ತುವ ಮೊದಲು ಆ ಸಾಲನ್ನು ಸೇರಿಸಲು ಠರಾವು ಮಂಡಿಸಿರಿ.